ನೋವು ಹೇಳದ ಕಾಲು

ಗುಡ್ಡದ ಊರುಗಳಿಗೆ ಹೋಗುವುದಕ್ಕೆ ಇದ್ದದ್ದು ಒಂದೇ ರಸ್ತೆ, ಆ ರಸ್ತೆಗೆ ಇದ್ದದ್ದು ಒಂದೇ ಸೇತುವೆ. ಕಟ್ಟಿಸಿದ ಗುತ್ತಿಗೆದಾರ ಸಿಮೆಂಟು ನುಂಗಿ ಮರಳು ಉಗುಳಿದ್ದ. ಆರನೇ ವರ್ಷಕ್ಕೆ ನಡುಗಂಬ ಗೇಣುದ್ದ ಕುಸಿದು ಕೂತಿತು. ಯಾರೂ ಸಾಯಲಿಲ್ಲವಾದ್ದರಿಂದ ಯಾರೂ ವಿಚಾರಿಸಲಿಲ್ಲ. ಎರಡೂ ಕಡೆ ಖಾಲಿ ಡ್ರಮ್ಮು ಉರುಳಿಸಿ ಅಡ್ಡ ಇಟ್ಟರು, ಮೂರು ವಾರದಲ್ಲಿ ದುರಸ್ತಿ ಎಂದು ಬೋರ್ಡು ಬರೆಸಿದರು. ಆ ಬೋರ್ಡನ್ನು ನಂಬಿದ ಅಮಾಯಕರಲ್ಲಿ ಉಪದೇಶಿಯೂ ಒಬ್ಬ.

ಅವನಿಗಾಗ ಇಪ್ಪತ್ತೇಳು. ಮಿಷನ್ನಿನ ಶಾಲೆಯಲ್ಲಿ ನಾಲ್ಕು ವರ್ಷ ಓದಿ ಸುವಾರ್ತೆ ಸಾರುವ ಉಪದೇಶಿಯ ಪಟ್ಟ ಪಡೆದಿದ್ದ. ಗುಡ್ಡದ ಜನರ ಭಾಷೆಯನ್ನು ಆ ಕಡೆಯಿಂದ ಬಂದ ಅಡುಗೆಯವನೊಬ್ಬನ ಬೆನ್ನು ಬಿದ್ದು ಎರಡು ವರ್ಷ ಕಲಿತಿದ್ದ. ಅಡುಗೆಯವನು ಪಾತ್ರೆ ತಿಕ್ಕುತ್ತಾ ಹೇಳಿದ ಮಾತನ್ನು ಇವನು ಬಾಗಿಲಲ್ಲಿ ಕೂತು ಬರೆದುಕೊಳ್ಳುತ್ತಿದ್ದ. ಓದಿದವರೆಲ್ಲ ಪೇಟೆಯ ಚರ್ಚುಗಳಿಗೆ, ಫ್ಯಾನು ಇರುವ ಮನೆಗಳಿಗೆ ಕಣ್ಣು ಹಾಕಿದ್ದಾಗ ಇವನೊಬ್ಬನೇ ಯಾರಿಗೂ ಬೇಡವಾದ ಗುಡ್ಡ ಕೇಳಿದ್ದ. ದೇವರು ತನ್ನನ್ನು ಕರೆದಿರುವುದು ಅಲ್ಲಿಗೇ, ಬೇರೆಲ್ಲಿಗೂ ಅಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಸೇತುವೆ ರಿಪೇರಿಯಾಗುವ ತನಕ ತಂಗಲು ಸಿಕ್ಕಿದ್ದು ದಾರಿಯಲ್ಲಿದ್ದ ಮಿಷನ್ನಿನ ಕುಷ್ಠರೋಗದ ಆಸ್ಪತ್ರೆ. ಒಂದು ಕಡೆ ರೈಲ್ವೆ ಗೋದಾಮು, ಇನ್ನೊಂದು ಕಡೆ ಇಟ್ಟಿಗೆ ಭಟ್ಟಿ. ಎರಡರ ನಡುವೆ, ಊರು ನೋಡಲು ಇಷ್ಟಪಡದ್ದನ್ನೆಲ್ಲ ತಂದು ಸುರಿಯುವ ಜಾಗದಲ್ಲಿ, ಹಳದಿ ಗೋಡೆಯ ನಾಲ್ಕು ಉದ್ದನೆಯ ಕಟ್ಟಡ. ಅತಿಥಿ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಮೂರು ಗೂಟ. ಅವನು ತಗಡಿನ ಪೆಟ್ಟಿಗೆಯ ಬೀಗವನ್ನೂ ತೆಗೆಯಲಿಲ್ಲ. ಮೂರು ವಾರಕ್ಕೆ ಯಾಕೆ ತೆಗೆಯುವುದು ಎಂದು ಹೊರಗಿದ್ದ ಎರಡು ಅಂಗಿಯನ್ನೇ ಒಗೆದು ಒಗೆದು ಹಾಕಿಕೊಂಡ.

ಪೆಟ್ಟಿಗೆಯ ಹಾಗೆಯೇ ಅವನು ಬೀಗ ಹಾಕಿಟ್ಟ ಇನ್ನೊಂದು ವಿಷಯವಿತ್ತು. ಅವನ ಅಪ್ಪ ಮಾರ್ಕೆಟ್ಟಿನ ಮೂಲೆಯಲ್ಲಿ ಗೋಣಿ ಹಾಸಿಕೊಂಡು ಚಪ್ಪಲಿ ಹೊಲಿಯುವವನು. ಏಳನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಇವನೂ ಅಪ್ಪನ ಪಕ್ಕ ಕೂತು ಚರ್ಮ ನೆನೆಹಾಕಿದವನು, ದಾರಕ್ಕೆ ಮೇಣ ಹಚ್ಚಿದವನು, ಗಿರಾಕಿಯ ಕಾಲಿಗೆ ಚಪ್ಪಲಿ ತೊಡಿಸಿ ಕಚ್ಚುತ್ತಾ ಎಂದು ತಲೆ ಎತ್ತಿ ಕೇಳಿದವನು. ಉಪದೇಶಿ ಶಾಲೆಗೆ ಸೇರಿದ ಮೊದಲ ವಾರವೇ ಪಕ್ಕದ ಮಂಚದವನು ಇವನ ಹೊದಿಕೆ ಮೂಸಿ ಏನಪ್ಪಾ ಇದು ವಾಸನೆ ಎಂದಿದ್ದ. ದೇವರ ಮುಂದೆ ಎಲ್ಲರೂ ಒಂದೇ ಎಂದು ಬೆಳಿಗ್ಗೆ ಪಾಠ ಹೇಳಿಸಿಕೊಂಡವರೇ ಮಧ್ಯಾಹ್ನ ಊಟದ ಬೆಂಚಿನಲ್ಲಿ ಒಂದು ಗೇಣು ಸರಿದು ಕೂತರು. ಆಮೇಲೆ ಫಾರ್ಮು ತುಂಬಿಸುವಾಗ ತಂದೆಯ ಕಸುಬು ಎಂಬಲ್ಲಿ ಇವನು ವ್ಯಾಪಾರ ಎಂದು ಬರೆದ. ಆ ಒಂದು ಪದದ ಮೇಲೆ ನಾಲ್ಕು ವರ್ಷ ಕೂತ. ಅಪ್ಪನಿಗೂ ಅದೇ ಬೇಕಾಗಿತ್ತು. ನನ್ನ ಮಗ ಇನ್ನು ರಂಪಿಗೆ ಮುಟ್ಟಲ್ಲ ಎಂದು ಚರ್ಮ ಕೊಯ್ಯುವ ಆ ಚಾಕುವನ್ನು ಎತ್ತಿ ತೋರಿಸುತ್ತಾ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ.

ಆಸ್ಪತ್ರೆ ನಡೆಸುತ್ತಿದ್ದವರು ಡಾಕ್ಟರಮ್ಮ. ಐವತ್ತು ದಾಟಿದ ಹೆಂಗಸು, ಮಾತು ಕಮ್ಮಿ, ಆಡಿದ ಮಾತು ಕತ್ತರಿ. ಉಪದೇಶಿ ಬಂದ ಎರಡನೇ ವಾರ ಮಧ್ಯಾಹ್ನದ ಊಟದಲ್ಲಿ, ಕಾಂಪೌಂಡರ್, ನರ್ಸಮ್ಮ, ಬಡಗಿ, ಉಪದೇಶಿ ಎಲ್ಲರೂ ಕೂತಿದ್ದಾಗ, ಆಕೆ ವಿಷಯ ಎತ್ತಿದರು. ರೋಗಿಗಳಿಗೆ ಚಪ್ಪಲಿ ಹೊಲಿದುಕೊಡುತ್ತಿದ್ದ ಚಪ್ಪಲಿ ಕೋಣೆಯ ಮುದುಕ ತೀರಿಕೊಂಡು ತಿಂಗಳಾಗಿತ್ತು. ಈ ಕಾಯಿಲೆ ಮಾತ್ರೆಗೆ ವಾಸಿಯಾಗುತ್ತದೆ, ಸತ್ತ ಸ್ಪರ್ಶ ವಾಪಸು ಬರುವುದಿಲ್ಲ. ಆದ್ದರಿಂದ ಇಲ್ಲಿ ಔಷಧಿಗಿಂತ ಚಪ್ಪಲಿ ಮುಖ್ಯ ಎಂದರು. ಆ ಕೆಲಸ ಯಾರಿಗಾದರೂ ಗೊತ್ತಾ ಎಂದು ಕೇಳಿದವರ ಕಣ್ಣು ಉಪದೇಶಿಯ ಬಲಗೈಯ ಮೇಲೆ ನಿಂತಿತು. ಹೆಬ್ಬೆರಳ ಬುಡದಲ್ಲಿ ಜಡ್ಡು, ತೋರುಬೆರಳಿನ ಮೇಲೆ ಉದ್ದಕ್ಕೆ ಹಳೆಯ ಗಾಯದ ಗೆರೆ.

"ಉಪದೇಶಿಗಳೇ, ಇದು ಬರೀ ಪುಸ್ತಕ ಹಿಡಿದ ಕೈ ಅಲ್ಲವಲ್ಲ."

"ತೋಟದ ಕೆಲಸ ಮಾಡ್ತಿದ್ದೆ ಅಮ್ಮ, ಚಿಕ್ಕವನಿದ್ದಾಗ," ಎಂದ ಅವನು ತಟ್ಟೆ ನೋಡಿಕೊಂಡು.

ಆಕೆ ಮತ್ತೆ ಕೇಳಲಿಲ್ಲ. ಕೊನೆಗೆ ಕೆಲಸ ಬಿದ್ದದ್ದು ಬಡಗಿಯ ತಲೆಗೆ. ಪಾಪ, ಬಡಗಿ ಒಳ್ಳೆಯ ಮನುಷ್ಯ, ಕಿಟಕಿ ಮಂಚ ಮಾಡಿಕೊಂಡಿದ್ದವನು. ಮರ ಆದರೇನು ರಬ್ಬರ್ ಆದರೇನು, ನಿಲ್ಲಿಸಿದರೆ ಆಯಿತಲ್ಲ ಎಂದು ಒಪ್ಪಿಕೊಂಡ. ಮೊಳೆ ಮಾತ್ರ ಬೇಡ, ಅಂಟು ಹಾಕು ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು.

ಬಡಗಿ ಮಾಡಿದ ಮೂರನೆಯ ಜೊತೆ ಅಂಚೆಯಣ್ಣನದು.

ಅಂಚೆಯಣ್ಣ ಇಪ್ಪತ್ತೆರಡು ವರ್ಷ ಮನೆ ಮನೆಗೆ ಕಾಗದ ಹಂಚಿದವನು. ಒಂದು ದಿನ ಶೂ ಬಿಚ್ಚಿದಾಗ ಒಳಗೆ ಹುಣಸೆ ಬೀಜದಷ್ಟು ಕಲ್ಲು, ಸುತ್ತ ರಕ್ತ. ಬೆಳಗಿನಿಂದ ಅದರ ಮೇಲೆ ಹದಿನಾಲ್ಕು ಬೀದಿ ನಡೆದಿದ್ದ, ಗೊತ್ತೇ ಆಗಿರಲಿಲ್ಲ. ಕಾಯಿಲೆ ತಿಳಿದದ್ದು ಹಾಗೆ. ಕೆಲಸ ಹೋಯಿತು, ಹೆಂಡತಿ ಮೊದಲೇ ತೀರಿಹೋಗಿದ್ದಳು, ಮಗಳು ಗಂಡನ ಮನೆಯಲ್ಲಿದ್ದಳು. ಎರಡು ವರ್ಷ ಮಾತ್ರೆ ನುಂಗಿ ಪೂರಾ ಗುಣವಾಗಿದ್ದ. ಆದರೂ ನಡೆಯುವ ಚಟ ಹೋಗಿರಲಿಲ್ಲ. ವಾರ್ಡುಗಳವರು ಬರೆಸಿದ ಕಾಗದ ಒಟ್ಟುಮಾಡಿ ಗೇಟಿನ ಡಬ್ಬಕ್ಕೆ ಹಾಕುವುದು, ಬಂದದ್ದನ್ನು ಮಂಚ ಮಂಚಕ್ಕೆ ತಲುಪಿಸುವುದು, ಬರದಿದ್ದವರಿಗೆ ನಾಳೆ ಬರುತ್ತದೆ ಬಿಡು ಎನ್ನುವುದು, ಇದೆಲ್ಲ ಯಾರೂ ಕೊಡದೆ ಅವನೇ ತೆಗೆದುಕೊಂಡ ನೌಕರಿ.

ಉಪದೇಶಿ ಬೆಳಿಗ್ಗೆ ವಾರ್ಡಿನಲ್ಲಿ ಪ್ರಾರ್ಥನೆ ನಡೆಸುತ್ತಿದ್ದ. ಒಂದು ದಿನ ಮುಗಿದ ಮೇಲೆ ಅಂಚೆಯಣ್ಣ ಹತ್ತಿರ ಬಂದು ಗಂಭೀರವಾಗಿ ಕೇಳಿದ:

"ಉಪದೇಶಿಗಳೇ, ನಿಮ್ಮ ದೇವರ ವಿಳಾಸ ಕೊಡಿ, ನಾನೇ ಕೈಯಲ್ಲಿ ಕೊಟ್ಟು ಬರ್ತೀನಿ. ನಿಮ್ಮ ಪ್ರಾರ್ಥನೆ ಉದ್ದ ನೋಡಿದ್ರೆ ಅಂಚೆಗೆ ಹಾಕಿದ್ರೆ ಸ್ಟಾಂಪು ಸಾಲಲ್ಲ."

ಇಡೀ ವಾರ್ಡು ನಕ್ಕಿತು. ಉಪದೇಶಿಗೂ ನಗು ಬಂತು. ಆ ಜಾಗದಲ್ಲಿ ಅವನ ಜೊತೆ ಸಮಸಮ ನಿಂತು ತಮಾಷೆ ಮಾಡಿದ ಮೊದಲ ಮನುಷ್ಯ ಅವನು. ದಿನಾ ಸಂಜೆ ಇಬ್ಬರೂ ಗೇಟಿನ ಕಟ್ಟೆಯ ಮೇಲೆ ಕೂರತೊಡಗಿದರು. ಒಂದು ಸಂಜೆ ಅಂಚೆಯಣ್ಣ ಮಗಳ ಕಾಗದ ತೋರಿಸಿದ. ಬರುವುದಾದರೆ ಬಾ ಅಪ್ಪ, ಆದರೆ ಬಸ್‌ಸ್ಟ್ಯಾಂಡಿನಿಂದ ಮನೆವರೆಗೆ ಯಾರ ಕೈಯನ್ನೂ ಹಿಡಿಯದೆ, ಕುಂಟದೆ ನಡೆದು ಬಾ, ಎಲ್ಲಿದ್ದೆ ಎಂದು ಯಾರಾದರೂ ಕೇಳಿದರೆ ದೂರದೂರಲ್ಲಿ ಕೆಲಸದಲ್ಲಿದ್ದೆ ಎನ್ನು ಎಂದು ಬರೆದಿದ್ದಳು. ಉಪದೇಶಿಗೆ ಸಿಟ್ಟು ಬಂತು. ಅಂಚೆಯಣ್ಣನಿಗೆ ಬಂದಿರಲಿಲ್ಲ. ಅವಳ ಅತ್ತೆ ಮನೆಯಲ್ಲಿ ಇವಳ ಮಾತು ನಡೆಯಲ್ಲ, ಇಷ್ಟಕ್ಕೆ ಒಪ್ಪಿಸಿದ್ದೇ ಹೆಚ್ಚು ಎಂದ. ನಡೆಯುವುದೇನು ಮಹಾ, ಇಪ್ಪತ್ತೆರಡು ವರ್ಷ ಮಾಡಿದ್ದು ಅದನ್ನೇ. ತಿಂಗಳ ಕೊನೆಗೆ ಹೊರಡುವುದೆಂದು ಆಯಿತು.

ಹೊಸ ಚಪ್ಪಲಿ ಬಂದ ದಿನ ಅವನು ಮದುವೆ ಗಂಡಿನ ಹಾಗೆ ಕಾಲು ಎತ್ತಿ ಎತ್ತಿ ಇಡುತ್ತಾ ಬಂದ. ಒಂದನ್ನು ಬಿಚ್ಚಿ ಉಪದೇಶಿಯ ಕೈಗಿಟ್ಟ. ಉಪದೇಶಿಯ ಕೈ ಕೇಳಲಿಲ್ಲ. ಹನ್ನೆರಡು ವರ್ಷದ ಅಭ್ಯಾಸ; ತಾನಾಗಿಯೇ ಅಟ್ಟೆಯನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಬಗ್ಗಿಸಿ ನೋಡಿತು. ಹಿಮ್ಮಡಿಯ ಹತ್ತಿರ ಬಿಗಿ. ಬೆರಳಿಗೆ ಸಣ್ಣದೊಂದು ಟಿಕ್ಕೆನ್ನುವ ಮಿಡಿತ. ಅಂಟು ನಿಲ್ಲದಿದ್ದಾಗ ಬಡಗಿ ಸಣ್ಣ ಮೊಳೆ ಹೊಡೆದು, ಮೇಲೆ ಮೆತ್ತನೆ ರಬ್ಬರ್ ಅಂಟಿಸಿ ಮುಚ್ಚಿದ್ದ. ಕಣ್ಣಿಗೆ ಕಾಣುತ್ತಿರಲಿಲ್ಲ. ಡಾಕ್ಟರಮ್ಮನಿಗೂ ಕಂಡಿರಲಿಲ್ಲ. ಚಪ್ಪಲಿ ಹೊಲಿದವನ ಕೈಗೆ ಮಾತ್ರ ಗೊತ್ತಾಗುವಂಥದ್ದು. ಇದರಲ್ಲಿ ಮೊಳೆ ಇದೆ ಎಂದು ಬಾಯಿ ಬಿಟ್ಟರೆ, ನಿನಗೆ ಹೇಗಪ್ಪಾ ಗೊತ್ತು ಎನ್ನುವ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ.

ಅವನು ಚಪ್ಪಲಿ ಕೆಳಗಿಟ್ಟು ಕೇಳಿದ, "ಕಚ್ಚುತ್ತಾ?"

"ಏನೂ ಇಲ್ಲ. ಹೂವಿನ ಮೇಲೆ ನಿಂತಂಗಿದೆ."

ಅಲ್ಲಿಗೆ ಉಪದೇಶಿಯ ಮನಸ್ಸು ಸಮಾಧಾನಕ್ಕೆ ಬಂತು. ಅಪ್ಪನ ಗೋಣಿಯ ಮೇಲೆ ಕಲಿತ ಪಾಠ ಅದೇ ತಾನೆ: ಗಿರಾಕಿ ಕಚ್ಚಲ್ಲ ಎಂದರೆ ಚಪ್ಪಲಿ ಸರಿ ಇದೆ. ಮೊಳೆ ಮೇಲೆದ್ದರೆ ಆಗ ಚುಚ್ಚುತ್ತದೆ, ಹಾಯ್ ಎನ್ನುತ್ತಾನೆ, ಬಯ್ದುಕೊಂಡು ತಂದು ಮುಂದೆ ಎಸೆಯುತ್ತಾನೆ, ಎರಡು ಏಟು ಹಾಕಿದರಾಯಿತು. ಲೋಕದ ಚಮ್ಮಾರರೆಲ್ಲ ಬದುಕುವುದು ಆ ಹಾಯ್ ಎನ್ನುವ ಮಾತನ್ನು ನಂಬಿಕೊಂಡು. ಈ ಕಾಲಿಗೆ ಆ ಮಾತು ಬರುವುದಿಲ್ಲ ಎಂಬುದು ದಿನಾ ಬೆಳಿಗ್ಗೆ ಇಂಥ ಕಾಲುಗಳ ಮಧ್ಯೆ ನಿಂತು ಪ್ರಾರ್ಥನೆ ಮಾಡುತ್ತಿದ್ದವನ ತಲೆಗೆ ಆ ಕ್ಷಣ ಹೊಳೆಯಲೇ ಇಲ್ಲ. ಹೊಳೆಯದಿರಲಿ ಎಂದು ಅವನೇ ಬಯಸಿದ್ದನೇನೋ. ಅದನ್ನು ಅವನು ಮುಂದೆ ಎಷ್ಟೋ ವರ್ಷ ತನ್ನನ್ನೇ ಕೇಳಿಕೊಂಡ.

ಒಂಬತ್ತನೆಯ ದಿನ ನರ್ಸಮ್ಮನಿಗೆ ವಾಸನೆ ಬಂತು. ಊರಿಗೆ ಹೋಗುವ ಉಮೇದಿನಲ್ಲಿ ಅಂಚೆಯಣ್ಣ ದಿನಕ್ಕೆ ನಲವತ್ತು ಸುತ್ತು ನಡೆದಿದ್ದ, ಕುಂಟದಿರುವ ಅಭ್ಯಾಸಕ್ಕೆ. ಮೊಳೆ ರಬ್ಬರ್ ದಾಟಿ, ಕಾಲುಚೀಲ ದಾಟಿ, ಹಿಮ್ಮಡಿಯ ಮೂಳೆಗೆ ಹೋಗಿ ಕೂತಿತ್ತು. ಒಂದೊಂದು ಹೆಜ್ಜೆಗೂ ಮೊಳೆ ಹೊಡೆದ ಹಾಗೆ ಅವನೇ ಹೊಡೆದುಕೊಂಡಿದ್ದ. ಕೀವು ಮೂಳೆಗೆ ಇಳಿದು ಕಾಲು ಬಾತು, ಮೈಯೆಲ್ಲ ಕೆಂಡವಾಗಿ, ಎರಡು ವಾರ ಹೆಣಗಾಡಿ, ಕೊನೆಗೆ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಬಡಗಿ ಅಂಗಳದಲ್ಲಿ ಕೂತು ತಲೆ ತಲೆ ಚಚ್ಚಿಕೊಂಡ. ಮಗಳು ಕಾರ್ಡು ಬರೆದಳು. ಸದ್ಯಕ್ಕೆ ಬರಬೇಡ ಎಂದಿತ್ತು ಅದರಲ್ಲಿ.

ಕಾಲು ತೆಗೆದ ಮಾರನೆಯ ಬೆಳಿಗ್ಗೆ ಉಪದೇಶಿ ಡಾಕ್ಟರಮ್ಮನ ಕೋಣೆಗೆ ಹೋಗಿ ನಿಂತು ಎಲ್ಲಾ ಹೇಳಿದ. ಅಪ್ಪನ ಕಸುಬು, ಫಾರ್ಮಿನಲ್ಲಿ ಬರೆದದ್ದು, ಬೆರಳಿಗೆ ಸಿಕ್ಕ ಮೊಳೆ. ಆಕೆ ಕೈ ಒರೆಸಿಕೊಳ್ಳುತ್ತಾ ಕೊನೆಯವರೆಗೂ ಕೇಳಿದರು. ಪರವಾಗಿಲ್ಲ ಎನ್ನಲಿಲ್ಲ. ದೇವರು ಕ್ಷಮಿಸುತ್ತಾನೆ ಎಂದೂ ಅನ್ನಲಿಲ್ಲ, ಅದು ಉಪದೇಶಿಗೆ ತಮಗಿಂತ ಚೆನ್ನಾಗಿ ಗೊತ್ತಿರುವ ಮಾತು.

"ಮೊಳೆ ಮೇಲೇಳುತ್ತೆ ಅಂತ ಬಡಗಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು," ಎಂದರು. ಅದೇ ಮೊದಲು ಆಕೆ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು. "ಚಪ್ಪಲಿ ಕೋಣೆ ಬೀಗದಕೈ ಅಲ್ಲಿ ಮೊಳೆಗೆ ತೂಗುಹಾಕಿದೆ. ತಗೊಂಡು ಹೋಗು."

ಅಲ್ಲಿಂದ ಅಂಚೆಯಣ್ಣನ ಮಂಚದ ಹತ್ತಿರ ಹೋದ. ಅದೇ ಕಥೆಯನ್ನು ಎರಡನೇ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಅಂಚೆಯಣ್ಣ ತೊಲೆ ನೋಡುತ್ತಾ ಮಲಗಿದಲ್ಲಿಂದಲೇ ಹೇಳಿದ.

"ಈ ಮಾತು ಆವತ್ತು ಹೇಳಿದ್ರೆ ನನ್ನ ಕಾಲು ಉಳೀತಿತ್ತು. ಇವತ್ತು ಹೇಳಿದ್ರೆ ನಿನ್ನ ಎದೆ ಹಗುರ ಆಗುತ್ತೆ, ಅಷ್ಟೇ. ಆಯ್ತಲ್ಲ, ಹೋಗು."

ಮೂರು ವಾರದ ಸೇತುವೆ ನಾಲ್ಕು ತಿಂಗಳಿಗೆ ಮುಗಿಯಿತು. ಮಿಷನ್ನಿನ ವ್ಯಾನು ಬಂದು ಗೇಟಿನಲ್ಲಿ ಹಾರನ್ ಹೊಡೆಯಿತು. ಉಪದೇಶಿ ಹೊರಗೆ ಬಂದು ಡ್ರೈವರನಿಗೆ ಈಗ ಬರುವುದಿಲ್ಲ ಎಂದ. ಮಿಷನ್ನಿನ ಕಮಿಟಿಗೆ ಕಾಗದ ಬರೆದ: ಇಲ್ಲಿ ಒಬ್ಬರನ್ನು ಅವರ ಮನೆಗೆ ನಡೆಸಿಕೊಂಡು ಹೋಗಿ ಬಿಡಬೇಕಾಗಿದೆ, ಅದಾದ ಮೇಲೆ ಗುಡ್ಡಕ್ಕೆ ಹೋಗುತ್ತೇನೆ. ಕಮಿಟಿಯವರು ದೊಡ್ಡ ಮನಸ್ಸು ಮಾಡಿ ಎರಡು ವರ್ಷ ಆ ಜಾಗ ಹಿಡಿದಿಡುತ್ತೇವೆ ಎಂದು ಉತ್ತರ ಬರೆದರು. ಉಪದೇಶಿ ತನ್ನ ಮನಸ್ಸಿನಲ್ಲಿ ದೇವರ ಜೊತೆ ಒಂದು ಒಪ್ಪಂದ ಮಾಡಿಕೊಂಡ. ಅಂಚೆಯಣ್ಣ ತನ್ನ ಕಾಲ ಮೇಲೆ ಮಗಳ ಮನೆ ಸೇರಬೇಕು. ಸೇರಿದ ದಿನ ತನ್ನ ತಪ್ಪು ತೀರಿತು. ಮಾರನೆಯ ದಿನ ಗುಡ್ಡ. ದೇವರು ಈ ಒಪ್ಪಂದಕ್ಕೆ ಹೂಂ ಎಂದನೋ ಇಲ್ಲವೋ ಅವನು ಕಾಯಲಿಲ್ಲ.

ಚಪ್ಪಲಿ ಕೋಣೆ ಎಂಟು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಗೋಡೆಯ ತುಂಬ ಕಾಗದ, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಎಳೆದ ಪಾದದ ಆಕಾರ. ಬೆರಳಿಲ್ಲದವು, ಅರ್ಧ ಮಾತ್ರ ಉಳಿದವು, ಒಳಕ್ಕೆ ತಿರುಚಿಕೊಂಡವು. ಮೊದಲ ದಿನವೇ ಮೊಳೆಗಳ ಡಬ್ಬವನ್ನು ಬಡಗಿಯ ಶೆಡ್ಡಿಗೆ ಸಾಗಿಸಿದ. ಎಲ್ಲವೂ ಕೈಹೊಲಿಗೆ, ಮೇಣದ ದಾರ. ಆದರೆ ಅಪ್ಪನಿಂದ ಕಲಿತದ್ದು ಇಲ್ಲಿ ಅರ್ಧಕ್ಕೇ ಸಾಕಾಗುತ್ತಿತ್ತು. ಇಲ್ಲಿನ ಗಿರಾಕಿಗಳು ಎಲ್ಲಕ್ಕೂ ಚೆನ್ನಾಗಿದೆ ಎನ್ನುವವರು. ಕಾಲಿಗೆ ಗೊತ್ತಾಗದ್ದು ಒಂದು, ಇನ್ನು ಯಾರಿಗೂ ತೊಂದರೆ ಕೊಡಬಾರದು ಎಂದು ಬದುಕಿ ಬದುಕಿ ಬಾಯಿಗೆ ಅಂಟಿಕೊಂಡದ್ದು ಇನ್ನೊಂದು. ಡಾಕ್ಟರಮ್ಮ ಒಂದು ವಿಧಾನ ಹೇಳಿಕೊಟ್ಟರು. ಹೊಸ ಚಪ್ಪಲಿ ಹಾಕಿ ಅರ್ಧ ಗಂಟೆ ನಡೆಸಬೇಕು. ಬಿಚ್ಚಿಸಿ, ಅಂಗಾಲಿಗೆ ಅಂಗೈಯಲ್ಲ, ಕೈಯ ಹಿಂಬದಿ ಇಟ್ಟು ನೋಡಬೇಕು. ಎಲ್ಲಿ ಉಜ್ಜುತ್ತದೋ ಅಲ್ಲಿ ಚರ್ಮ ಬಿಸಿ ಇರುತ್ತದೆ. ಬಾಯಿ ಹೇಳದ್ದನ್ನು ಆ ಬಿಸಿ ಹೇಳುತ್ತದೆ. ಅಲ್ಲಿ ರಬ್ಬರ್ ಕೆತ್ತಬೇಕು, ಮತ್ತೆ ನಡೆಸಬೇಕು, ಮತ್ತೆ ಮುಟ್ಟಬೇಕು. ಒಂದು ಜೊತೆಗೆ ಐದು ಸಲವೂ ಆಗುತ್ತಿತ್ತು. ಕಚ್ಚುತ್ತಾ ಎಂಬ ಪ್ರಶ್ನೆಯನ್ನು ಆ ಕೋಣೆಯಲ್ಲಿ ಮತ್ತೆ ಯಾರೂ ಕೇಳಲಿಲ್ಲ.

ಕೆಲಸ ಹಿಡಿದ ಮೂರನೇ ತಿಂಗಳು ಅಪ್ಪ ತೀರಿಕೊಂಡ ಕಾರ್ಡು ಬಂತು. ಬರುವಷ್ಟರಲ್ಲಿ ಮಣ್ಣು ಮಾಡಿ ಐದು ದಿನವಾಗಿತ್ತು. ಬರೆದವನು ಪಕ್ಕದಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದವನು. ನಿಮ್ಮ ತಂದೆ ಕೊನೆಯವರೆಗೂ ಮಗ ಗುಡ್ಡಕ್ಕೆ ಸುವಾರ್ತೆ ಸಾರಲು ಹೊರಟಿದ್ದಾನೆ ಎಂದೇ ಹೇಳುತ್ತಿದ್ದರು ಎಂದು ಸಮಾಧಾನಕ್ಕೆ ಒಂದು ಸಾಲು ಸೇರಿಸಿದ್ದ. ಉಪದೇಶಿ ಅಪ್ಪನಿಗೆ ಒಂದು ಸಲವೂ ನಿಜ ಬರೆದಿರಲಿಲ್ಲ. ರಸ್ತೆ ಇನ್ನೂ ತೆರೆದಿಲ್ಲ ಎಂದಷ್ಟೇ ಬರೆಯುತ್ತಿದ್ದ. ಆ ದಿನ ಅವನು ಕೋಣೆಯ ಬಾಗಿಲು ಹಾಕಿಕೊಂಡು, ಕೈಯಲ್ಲಿದ್ದ ಹೊಲಿಗೆ ಬಿಡದೆ, ಅಳುತ್ತಲೇ ಒಂದು ಅಟ್ಟೆ ಮುಗಿಸಿದ. ಅಪ್ಪನಿಗೆ ಅವನು ಕೊಟ್ಟ ಕೊನೆಯ ಮರ್ಯಾದೆ ಅದು. ಅಪ್ಪ ನೋಡಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದ.

ಅಂಚೆಯಣ್ಣ ಏಳು ತಿಂಗಳು ಚಪ್ಪಲಿ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಊರುಗೋಲಿನಲ್ಲಿ ಕಾಗದ ಹಂಚುವಾಗಲೂ ಉಪದೇಶಿಯ ಕಾಗದವನ್ನು ಕಿಟಕಿಯಿಂದ ಒಳಗೆ ಎಸೆದು ಹೋಗುತ್ತಿದ್ದ. ಉಳಿದ ಒಂದು ಕಾಲಿಗೆ ಪೇಟೆಯಲ್ಲಿ ಸಿಗುವ ಚಪ್ಪಲಿಯನ್ನೇ ತರಿಸಿ ಹಾಕಿಕೊಳ್ಳುತ್ತಿದ್ದ. ಡಾಕ್ಟರಮ್ಮ ಬಯ್ದರೆ ಅವನ ಕೈ ತಾಗಿದ್ದು ನನಗೆ ಬೇಡ ಎನ್ನುತ್ತಿದ್ದ. ಎಂಟನೇ ತಿಂಗಳು ಬಲಗಾಲಿನ ಹೆಬ್ಬೆರಳ ಕೆಳಗೆ ಬೊಕ್ಕೆ ಎದ್ದಿತು. ಅವತ್ತು ಮಧ್ಯಾಹ್ನ ಅವನು ಬಂದು ಬೆಂಚಿನ ಮೇಲೆ ಕೂತು, ಕಾಲು ಮುಂದೆ ಚಾಚಿದ.

"ಕ್ಷಮಿಸಿಬಿಟ್ಟ ಅಂದ್ಕೋಬೇಡ. ಇರೋದು ಒಂದೇ ಕಾಲು."

ಉಪದೇಶಿ ಕಾಗದ ಹಾಸಿ ಪಾದದ ಆಕಾರ ಬರೆದುಕೊಂಡ. ಬೊಕ್ಕೆ ಮಾಯುವ ತನಕ ಕಾದು, ಆಮೇಲೆ ಹೊಲಿಯಲು ಕೂತ.

ಕೃತಕ ಕಾಲು ದೊಡ್ಡ ಪಟ್ಟಣದಿಂದ ಬರಲು ಐದು ತಿಂಗಳಾಯಿತು. ಬಂದದ್ದು ಮರದ ಕೊರಡಿನಂಥದ್ದು. ಅದಕ್ಕೆ ಒಳಗಿನಿಂದ ಮೆತ್ತೆ ಕೂಡಿಸುವುದು, ಪಟ್ಟಿ ಹೊಲಿಯುವುದು, ಎರಡೂ ಕಾಲಿನ ಎತ್ತರ ಸಮ ಬರುವ ಹಾಗೆ ಅಟ್ಟೆ ಕಟ್ಟುವುದು ಉಪದೇಶಿಯ ಕೆಲಸ. ದಿನಾ ಬೆಳಿಗ್ಗೆ ಅಂಗಳದಲ್ಲಿ ನಡಿಗೆ. ಮುಂದೆ ಅಂಚೆಯಣ್ಣ, ಹಿಂದೆ ಹತ್ತು ಹೆಜ್ಜೆ ಬಿಟ್ಟು ಉಪದೇಶಿ. ಮಾತು ಮೊದಮೊದಲು ಬಲಕ್ಕೆ ವಾಲ್ತಿದೆ, ಪಟ್ಟಿ ಬಿಗಿ ಮಾಡು ಎನ್ನುವಷ್ಟೇ. ಆಮೇಲಾಮೇಲೆ ಬಯ್ಗುಳ ಸೇರಿತು. ನಿನ್ನ ಪಾದ್ರಿ ಮುಖ ಬೇರೆ ಕಡೆ ತಿರುಗಿಸು, ಹಿಂದಿನಿಂದ ಯಾರೋ ಹೆಣ ನೋಡ್ತಿದ್ದಂಗೆ ಆಗುತ್ತೆ ಎಂದು ಒಂದು ದಿನ ಅಂದ. ಉಪದೇಶಿ ಅದನ್ನು ಆಶೀರ್ವಾದದ ಹಾಗೆ ಸ್ವೀಕರಿಸಿದ. ವರ್ಷ ಒಂದೂಮುಕ್ಕಾಲಾಗುವ ಹೊತ್ತಿಗೆ ಪ್ಯಾಂಟು ಹಾಕಿಕೊಂಡ ಅಂಚೆಯಣ್ಣ ನಡೆದರೆ, ಗೊತ್ತಿದ್ದವರು ಕಣ್ಣಿಟ್ಟು ನೋಡಿದರೆ ಮಾತ್ರ ಗೊತ್ತಾಗುವಷ್ಟಾಯಿತು. ಮಗಳಿಗೆ ಬರೆದರು. ಮೂರನೆಯ ಕಾಗದಕ್ಕೆ ಉತ್ತರ ಬಂತು. ಕುಂಟದೆ ಬರುವ ಹಾಗಿದ್ದರೆ ಬಾ.

ಕಮಿಟಿಯ ಎರಡು ವರ್ಷಕ್ಕೆ ಆಗ ಉಳಿದಿದ್ದದ್ದು ಆರು ವಾರ.

ಇಬ್ಬರೂ ಬಸ್ಸಿನಲ್ಲಿ ಹೋದರು. ಸ್ಟ್ಯಾಂಡಿನಿಂದ ಮನೆಗೆ ಐದು ಬೀದಿ. ಅಂಚೆಯಣ್ಣ ಕೈಯಲ್ಲಿ ಸಣ್ಣ ಚೀಲ ಹಿಡಿದು ಮುಂದೆ ನಡೆದ, ಉಪದೇಶಿ ಅಪರಿಚಿತನ ಹಾಗೆ ಹಿಂದೆ. ಸೈಕಲ್ ಅಂಗಡಿ ದಾಟಿತು, ನಲ್ಲಿ ದಾಟಿತು, ಇಸ್ತ್ರಿಯವನ ಮೇಜು ದಾಟಿತು. ಒಬ್ಬನೂ ತಿರುಗಿ ನೋಡಲಿಲ್ಲ. ಉಪದೇಶಿ ನಾಳೆ ಪೆಟ್ಟಿಗೆ ಎತ್ತಿ ವ್ಯಾನು ಹತ್ತಬಹುದು ಎಂದು ಆಗಲೇ ಲೆಕ್ಕ ಹಾಕುತ್ತಿದ್ದ. ಐದನೇ ಬೀದಿಯ ಹಸಿರು ಬಾಗಿಲನ್ನು ಅಂಚೆಯಣ್ಣ ಬಡಿದ. ಮಗಳು ತೆರೆದಳು. ಅಪ್ಪನ ಮುಖ ನೋಡಿದಳು, ಅವಳ ಬಾಯಿ ತೆರೆಯಿತು. ಆ ಹೊತ್ತಿಗೆ ಸರಿಯಾಗಿ ಎದುರು ಮನೆಯ ಹೆಂಗಸೊಬ್ಬಳು ಹೊರಬಂದು, ಯಾರಮ್ಮ ಅದು, ನೆಂಟರಾ ಎಂದು ಕೇಳಿದಳು.

ಮಗಳು ಒಂದು ಉಸಿರು ತೆಗೆದುಕೊಂಡಳು.

"ಗೊತ್ತಿಲ್ಲ ಅಕ್ಕ. ಯಾರದೋ ವಿಳಾಸ ಕೇಳ್ತಿದ್ದಾರೆ."

ಇಪ್ಪತ್ತೆರಡು ವರ್ಷ ಬಾಗಿಲು ಬಾಗಿಲಿಗೆ ನಿಂತವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವನು ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡು, ಆ ಊರಿನಲ್ಲಿಲ್ಲದ ಒಂದು ಮನೆಯ ನಂಬರು ಹೇಳಿ, ಅದು ಈ ಬೀದಿಯಲ್ಲ ಅನ್ನಿಸುತ್ತೆ ಅಲ್ವಾ ತಾಯಿ ಎಂದ. ಮಗಳು, ಅಲ್ಲ, ಮುಂದಿನ ಬೀದಿಯಲ್ಲಿ ಕೇಳಿ ಎಂದಳು. ಅವಳ ಕೈ ಬಾಗಿಲ ಚಿಲಕವನ್ನು ಹಿಡಿದದ್ದು ಬಿಡಲಿಲ್ಲ. ಅಂಚೆಯಣ್ಣ ಸರಿ ತಾಯಿ ಎಂದು ತಿರುಗಿ, ಬೀದಿಯ ಕೊನೆಯವರೆಗೆ ನೆಟ್ಟಗೆ ನಡೆದು ಹೋದ.

ತಿರುವು ದಾಟಿದ ಮೇಲೆ ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಉಪದೇಶಿ ಬಂದು ಪಕ್ಕದಲ್ಲಿ ಕೂತ. ಏನು ಹೇಳಬೇಕೆಂದು ನಾಲ್ಕು ವರ್ಷದ ಓದಿನಲ್ಲಿ ಹುಡುಕಿದ, ಸಿಗಲಿಲ್ಲ.

"ಕುಂಟಿದೆನಾ?" ಎಂದು ಅಂಚೆಯಣ್ಣ ಕೇಳಿದ.

"ಇಲ್ಲ ಅಣ್ಣ."

"ಮತ್ತೆ?"

ಮಗಳನ್ನು ಅಂಚೆಯಣ್ಣ ಆಗಲೂ ಬಯ್ಯಲಿಲ್ಲ, ಆಮೇಲೂ ಬಯ್ಯಲಿಲ್ಲ. ಬಸ್ಸು ಅರ್ಧ ದಾರಿ ಬಂದ ಮೇಲೆ ಕಿಟಕಿಯಿಂದ ಮುಖ ತಿರುಗಿಸದೆ ಮಾತಾಡಿದ.

"ನೀನು ನಿನ್ನ ಗುಡ್ಡಕ್ಕೆ ಹೋಗು. ನಿನ್ನ ಕೈಯಲ್ಲಿ ಆಗೋದು ನೀನು ಮಾಡಿದ್ದೀಯ. ಉಳಿದದ್ದು ಚಪ್ಪಲಿ ಕೆಲಸ ಅಲ್ಲ."

ಉಪದೇಶಿ ಎರಡು ವರ್ಷ ಕಾದಿದ್ದ ಮಾತು ಅದು. ಸಿಕ್ಕಿದಾಗ ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಒಪ್ಪಂದದ ಪ್ರಕಾರ ಅಂಚೆಯಣ್ಣ ಮನೆ ಸೇರಬೇಕಿತ್ತು. ಸೇರಲಿಲ್ಲ, ಇನ್ನು ಸೇರುವುದೂ ಇಲ್ಲ. ಒಬ್ಬ ಮನುಷ್ಯನ ಕಾಲನ್ನು ಟಿಕೇಟಿನ ಹಾಗೆ ಮಾಡಿಕೊಂಡು ಗುಡ್ಡ ಹತ್ತಲು ಹೊರಟಿದ್ದೆನಲ್ಲ ಎಂದು ಆ ಬಸ್ಸಿನಲ್ಲಿ ಅವನಿಗೆ ನಾಚಿಕೆಯಾಯಿತು. ಈ ತಪ್ಪು ತೀರುವಂಥದ್ದಲ್ಲ. ಹಾಗಾದರೆ ಹೋಗುವುದೋ ಇರುವುದೋ ಎಂಬುದನ್ನು ತಪ್ಪನ್ನು ಬದಿಗಿಟ್ಟು ಯೋಚಿಸಬೇಕು. ಹಾಗೆ ಯೋಚಿಸಿದರೆ ಉಳಿಯುವುದು ಚಪ್ಪಲಿ ಕೋಣೆಯ ಗೋಡೆ, ಅದರ ತುಂಬ ಕಾಗದದ ಪಾದಗಳು. ಅವನ್ನು ಹೊಲಿಯಲು ಬರುವ ಕೈ ಆ ಕಾಂಪೌಂಡಿನಲ್ಲಿ ಒಂದೇ ಜೊತೆ.

ಆದರೂ ಐದು ವಾರ ಒದ್ದಾಡಿದ. ಸುಲಭಕ್ಕೆ ಬಿಟ್ಟುಕೊಟ್ಟ ಎಂದು ಯಾರೂ ತಿಳಿಯಬಾರದು. ಗುಡ್ಡದ ಭಾಷೆಯಲ್ಲೇ ಪ್ರಾರ್ಥನೆ ಮಾಡಿ ನೋಡಿದ, ಆ ಭಾಷೆ ತಿಳಿಯುವವರು ಅಲ್ಲಿ ದೇವರೊಬ್ಬನೇ ಇದ್ದದ್ದು. ಉತ್ತರ ಬರಲಿಲ್ಲ. ಡಾಕ್ಟರಮ್ಮ ಇರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಗಡುವಿಗೆ ನಾಲ್ಕು ದಿನ ಇರುವಾಗ ಕಮಿಟಿಗೆ ಬರೆದ: ಆ ಜಾಗವನ್ನು ಬೇರೆಯವರಿಗೆ ಕೊಡಿ. ಕಾರಣ ಬರೆಯಲಿಲ್ಲ. ಕಮಿಟಿಯವರು ಅವನ ಹೆಸರನ್ನು ಉಪದೇಶಿಗಳ ಪಟ್ಟಿಯಿಂದ ತೆಗೆದು ಆಸ್ಪತ್ರೆಯ ಕೆಲಸಗಾರರ ಪಟ್ಟಿಗೆ ಸೇರಿಸಿದರು. ಕಾಂಪೌಂಡಿನವರು ಮಾತ್ರ ಉಪದೇಶಿ ಎನ್ನುವುದನ್ನು ಬಿಡಲಿಲ್ಲ. ಬೆಳಗಿನ ಪ್ರಾರ್ಥನೆಯನ್ನೂ ಅವನೇ ನಡೆಸುತ್ತಿದ್ದ, ಮೊದಲಿನ ಕಾಲು ಭಾಗ ಉದ್ದಕ್ಕೆ.

ಎರಡು ತಿಂಗಳಿಗೆ ಗುಡ್ಡಕ್ಕೆ ಹೊಸಬ ಬಂದ. ಇಪ್ಪತ್ತೈದರ ಯುವಕ, ಹೊಳೆಯುವ ಶೂ, ಅದರಲ್ಲೂ ಎಡಗಾಲಿನದು ಬಿಗಿ ಎಂದು ಉಪದೇಶಿಗೆ ದೂರದಿಂದಲೇ ಗೊತ್ತಾಯಿತು. ವ್ಯಾನು ನೀರು ಹಾಕಿಸಿಕೊಳ್ಳಲು ಕಾಲು ಗಂಟೆ ನಿಂತಿತ್ತು. ಹೊಸಬ ವಿನಯದಿಂದ ಕೈ ಮುಗಿದು, ತಾವು ಇಲ್ಲಿ ಏನು ಸೇವೆಯಲ್ಲಿದ್ದೀರಿ ಎಂದು ಕೇಳಿದ.

"ಚಪ್ಪಲಿ ಹೊಲೀತೀನಿ."

ಹೊಸಬನ ಮುಖ ಒಂದು ಕ್ಷಣ ತಡವರಿಸಿತು. ಅದೂ ದೇವರ ಸೇವೆಯೇ ಬಿಡಿ ಎಂದ, ಒಳ್ಳೆಯ ಹುಡುಗ.

"ಇರಬಹುದು. ನಮ್ಮಪ್ಪನ ಕಸುಬು ಇದು. ಮಾರ್ಕೆಟ್ಟಿನಲ್ಲಿ ಗೋಣಿ ಹಾಸ್ಕೊಂಡು ಹೊಲೀತಿದ್ರು," ಎಂದ ಉಪದೇಶಿ. ಮಾತು ಬಾಯಿಂದ ಸಲೀಸಾಗಿ ಬಂತು. ಕೇಳಬೇಕಾದವನು ಮಣ್ಣಿನಲ್ಲಿದ್ದ.

ಡ್ರೈವರ್ ಹತ್ತಿ ಕೂತ. ಹೊಸಬ ಕಿಟಕಿಯಿಂದ ತಲೆ ಹೊರಹಾಕಿ, ಗುಡ್ಡದವರಿಗೆ ಏನಾದರೂ ಹೇಳಬೇಕಾ ಎಂದ. ಉಪದೇಶಿಗೆ ಹೇಳಬೇಕಾದದ್ದು ಎರಡು ವರ್ಷ ಬರೆದುಕೊಂಡಷ್ಟಿತ್ತು. ಅವನು ಕಿಟಕಿಯ ಅಂಚಿಗೆ ಕೈ ಇಟ್ಟ.

"ಅಲ್ಲಿ ಎಲ್ಲರೂ ಬರಿಗಾಲಲ್ಲಿ ಓಡಾಡೋರು. ಯಾರ ಕಾಲಲ್ಲಾದ್ರೂ ಗಾಯ ಕಂಡ್ರೆ, ನೋವಿದೆಯಾ ಅಂತ ಕೇಳಿ. ಇದೆ ಅಂದ್ರೆ ಬಿಡಿ, ವಾಸಿ ಆಗುತ್ತೆ. ಇಲ್ಲ ಅಂದ್ರೆ ಇಲ್ಲಿಗೆ ಕಳಿಸಿ."

ಹೊಸಬ ತಲೆಯಾಡಿಸಿದ. ವ್ಯಾನು ಗೋದಾಮಿನ ಪಕ್ಕ ತಿರುಗಿ ಸೇತುವೆಯ ರಸ್ತೆ ಹಿಡಿಯಿತು. ಧೂಳು ಕೆಳಗೆ ಕೂತ ಮೇಲೂ ಉಪದೇಶಿ ಗೇಟಿನಲ್ಲಿ ನಿಂತೇ ಇದ್ದ. ಚಪ್ಪಲಿ ಕೋಣೆಯ ಮುಂದಿನ ಬೆಂಚಿನಲ್ಲಿ ಬೆಳಗಿನಿಂದ ಕೂತಿದ್ದ ಮೂವರಲ್ಲಿ ಒಬ್ಬರೂ ಅವನನ್ನು ಕರೆಯಲಿಲ್ಲ. ಅವರು ಕಾಯುವುದರಲ್ಲಿ ಪಳಗಿದವರು.